ಬರದ ವರ್ಷದ ಲೆಕ್ಕ, ತುಂಬಿದ ವರ್ಷದಲ್ಲಿ

ಕಟ್ಟೆ ತುಂಬಿದ ವರ್ಷ ಕಾವೇರಿ ಬಗ್ಗೆ ಯಾರೂ ಬರೆಯೋದಿಲ್ಲ. ಬಾಗಿನ ಬಿಟ್ಟ ಫೋಟೋ ಹಾಕ್ತಾರೆ, ಕೆ.ಆರ್.ಎಸ್ ಗೇಟಿನಿಂದ ನೊರೆ ಹಾರುವ ವಿಡಿಯೋ ಹಾಕ್ತಾರೆ, ಅಲ್ಲಿಗೆ ಮುಗೀತು. 2024 ತುಂಬಿದ ವರ್ಷ. 2025ರಲ್ಲಂತೂ ಜೂನ್ 30ಕ್ಕೇ ಬಾಗಿನ ಬಿಟ್ಟರು, ಕಟ್ಟೆಯ ಇತಿಹಾಸದಲ್ಲಿ ಜೂನ್ ತಿಂಗಳಲ್ಲಿ ತುಂಬಿದ್ದು ಅದೇ ಮೊದಲು ಅಂದರು. ನಮಗೆ ಕಾವೇರಿ ನೆನಪಾಗೋದು ಆಗಸ್ಟ್ ತಿಂಗಳಲ್ಲಿ ಮೋಡ ಕೈಕೊಟ್ಟಾಗ, ಹೆದ್ದಾರಿಯಲ್ಲಿ ಟೈರ್ ಸುಟ್ಟಾಗ, ಬಂದ್‌ಗೆ ರಜ ಸಿಗುತ್ತಾ ಅಂತ ಆಫೀಸಿನ ಮೈಲ್ ಕಾಯುವಾಗ. ಆಗ ಯಾರಾದರೂ ತಣ್ಣಗೆ ಲೆಕ್ಕ ಹೇಳೋಕೆ ಹೋದರೆ ಅವನು ದ್ರೋಹಿ. ಅದಕ್ಕೇ ಯಾರೂ ಕೇಳದ ಹೊತ್ತಿನಲ್ಲಿ ಇದನ್ನ ಬರೀತಾ ಇದ್ದೀನಿ. ಸ್ವಲ್ಪ ಉದ್ದ ಇದೆ, ಕಾಫಿ ತಗೊಂಡು ಕೂತ್ಕೊಳ್ಳಿ :-)

ಮೊದಲು ಅಳತೆ. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಲೀಟರಿನಲ್ಲಿ ಹೇಳಿದರೆ ಸುಮಾರು 2,832 ಕೋಟಿ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ಟಿವಿಯವರು ಇವೆರಡನ್ನೂ ಬೇಕಾದ ಹಾಗೆ ಕಲಸಿ ಹೆದರಿಸ್ತಾರೆ. ಸುಮಾರು 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. ಅಂದರೆ 2023ರ ಆಗಸ್ಟ್ ಕೊನೆಯಲ್ಲಿ ಪ್ರಾಧಿಕಾರ ಹೇಳಿದ "5,000 ಕ್ಯೂಸೆಕ್, 15 ದಿನ" ಅನ್ನೋದು ಒಟ್ಟು ಆರೂವರೆ ಟಿಎಂಸಿಗಿಂತ ಚೂರು ಕಡಿಮೆ. ಕೆ.ಆರ್.ಎಸ್ ಪೂರ್ತಿ ತುಂಬಿದರೆ 49.45. ಹೇಮಾವತಿ, ಕಬಿನಿ, ಹಾರಂಗಿ ಸೇರಿಸಿದರೆ ನಮ್ಮ ನಾಲ್ಕರದ್ದು 114.57. ಕೆಳಗೆ ಮೆಟ್ಟೂರು 93.47. ಎಲ್ಲ ಸೇರಿ 208 ಟಿಎಂಸಿ ಚಿಲ್ಲರೆ. ನ್ಯಾಯಮಂಡಳಿ ಹಂಚಿದ್ದು ಎಷ್ಟು ಗೊತ್ತಾ? 740. ಅಂದರೆ ಇಡೀ ವರ್ಷದ ನೀರಿನ ಮೂರನೇ ಒಂದು ಭಾಗವನ್ನೂ ಈ ಐದು ದೊಡ್ಡ ಕಟ್ಟೆಗಳಲ್ಲಿ ಒಟ್ಟಿಗೆ ಹಿಡಿದಿಡೋಕೆ ಆಗೋಲ್ಲ. ಈ ವರ್ಷ ಉಳಿಸಿ ಮುಂದಿನ ವರ್ಷಕ್ಕೆ ಅನ್ನೋ ಮಾತೇ ಇಲ್ಲ, ಬಂದ ಹಾಗೇ ಬಳಸಬೇಕು.

ಬರೋದಾದರೂ ಹೇಗೆ? 2022-23ರಲ್ಲಿ ಬಿಳಿಗುಂಡ್ಲು ದಾಟಿ ತಮಿಳುನಾಡಿಗೆ ಹೋದದ್ದು 600 ಟಿಎಂಸಿಗೂ ಹೆಚ್ಚು. ಕೊಡಬೇಕಾದದ್ದು 177.25 ಅಷ್ಟೇ. ಮರುವರ್ಷ 2023-24ರಲ್ಲಿ ಹೋದದ್ದು ಆ 177.25ರ ಅರ್ಧಕ್ಕೂ ಕಡಿಮೆ. ಅದೇ ನದಿ, ಅದೇ ಕಟ್ಟೆ, ಅದೇ ತೀರ್ಪು.

ಚರಿತ್ರೆಯನ್ನ ಬೇಗ ಮುಗಿಸಿಬಿಡ್ತೀನಿ, ನಿಮಗೆಲ್ಲ ಗೊತ್ತಿರೋದೇ. 1892ರ ಒಪ್ಪಂದ, 1924ರ ಒಪ್ಪಂದ. ಒಂದು ಕಡೆ ಬ್ರಿಟಿಷರ ಮದ್ರಾಸು, ಇನ್ನೊಂದು ಕಡೆ ಅವರ ಕೈಕೆಳಗಿನ ಮೈಸೂರು. ಸಮಾನರ ಒಪ್ಪಂದ ಅಲ್ಲ ಅನ್ನೋ ನಮ್ಮ ದೂರು ನ್ಯಾಯವಾದದ್ದೇ. ಕೆ.ಆರ್.ಎಸ್ ಅಡಿಯಲ್ಲಿ ನಮಗೆ ಹೊಸದಾಗಿ 1.25 ಲಕ್ಷ ಎಕರೆ, ಮೆಟ್ಟೂರಿನ ಅಡಿಯಲ್ಲಿ ಅವರಿಗೆ 3.01 ಲಕ್ಷ ಎಕರೆ. ಆಮೇಲೆ 1990ರಲ್ಲಿ ನ್ಯಾಯಮಂಡಳಿ, 1991ರಲ್ಲಿ 205 ಟಿಎಂಸಿಯ ಮಧ್ಯಂತರ ಆದೇಶ, ಅದರ ಹಿಂದೆಯೇ ಡಿಸೆಂಬರಿನ ಗಲಭೆ. 2007ರ ಫೆಬ್ರವರಿಯಲ್ಲಿ ಅಂತಿಮ ತೀರ್ಪು: ತಮಿಳುನಾಡಿಗೆ 419, ನಮಗೆ 270, ಕೇರಳಕ್ಕೆ 30, ಪುದುಚೇರಿಗೆ 7. ಉಳಿದ 14ರಲ್ಲಿ 10 ಪರಿಸರಕ್ಕೆ, 4 ಹೇಗೂ ಸಮುದ್ರಕ್ಕೆ ಹೋಗುತ್ತೆ ಅಂತ. 2018ರ ಫೆಬ್ರವರಿ 16ಕ್ಕೆ ಸುಪ್ರೀಂ ಕೋರ್ಟು ನಮಗೆ 14.75 ಹೆಚ್ಚಿಸಿ 284.75 ಮಾಡಿತು. ಅದರಲ್ಲಿ 10 ಟಿಎಂಸಿ ತಮಿಳುನಾಡಿನ ಅಂತರ್ಜಲವನ್ನ ಲೆಕ್ಕಕ್ಕೆ ತಗೊಂಡಿದ್ದಕ್ಕೆ, 4.75 ಬೆಂಗಳೂರಿನ ಕುಡಿಯುವ ನೀರಿಗೆ. ಈ ಹಂಚಿಕೆ 15 ವರ್ಷ ಬದಲಾಗೋಲ್ಲ ಅಂತಲೂ ಹೇಳಿತು. ಅಂದರೆ 2033ರ ತನಕ.

ಇಲ್ಲಿಗೆ ಒಳ್ಳೆ ವರ್ಷದ ಜಗಳ ಮುಗೀತು. ನಿಜ ಹೇಳಬೇಕು ಅಂದರೆ ಒಳ್ಳೆ ವರ್ಷದಲ್ಲಿ ಜಗಳ ಇರಲೇ ಇಲ್ಲ.

ಜಗಳ ಇರೋದು ಕೆಟ್ಟ ವರ್ಷದ್ದು. ಅದಕ್ಕೆ ತೀರ್ಪಿನಲ್ಲಿ ಇರೋದು ಒಂದೇ ಒಂದು ಮಾತು. ನೀರು ಕಡಿಮೆಯಾದ ವರ್ಷ ಎಲ್ಲರ ಪಾಲನ್ನೂ ಅದೇ ಪ್ರಮಾಣದಲ್ಲಿ ಕಡಿಮೆ ಮಾಡಬೇಕು ಅಂತ. ಕೇಳೋಕೆ ಎಷ್ಟು ಚೆನ್ನಾಗಿದೆ! ನಾಲ್ಕು ಜನಕ್ಕೆ ಹತ್ತು ರೊಟ್ಟಿ ಬದಲು ಐದು ರೊಟ್ಟಿ ಇದ್ದರೆ ಎಲ್ಲರಿಗೂ ಅರ್ಧ. ನಾನೂ ಮೊದಲ ಸಲ ಓದಿದಾಗ, ಇಷ್ಟು ಸುಲಭದ್ದಕ್ಕೆ ಯಾಕೆ ಹೊಡೆದಾಡ್ತಾರೆ ಅಂದುಕೊಂಡೆ. ಆದರೆ ಇದನ್ನ ಪ್ರೋಗ್ರಾಂ ಮಾಡು ಅಂತ ಯಾರಾದರೂ ಕೊಟ್ಟರೆ ಒಂದು ಸಾಲೂ ಬರೆಯೋಕೆ ಆಗೋಲ್ಲ.

ಯಾಕೆ ಅಂದರೆ, ವರ್ಷ ಕೆಟ್ಟದ್ದು ಅಂತ ಗೊತ್ತಾಗೋದು ಯಾವಾಗ? ನೀರಿನ ವರ್ಷ ಜೂನ್ 1ಕ್ಕೆ ಶುರು. ಬಿಳಿಗುಂಡ್ಲಿನಲ್ಲಿ ಕೊಡಬೇಕಾದದ್ದು ಜೂನ್‌ನಲ್ಲಿ 9.19, ಜುಲೈನಲ್ಲಿ 31.24, ಆಗಸ್ಟ್‌ನಲ್ಲಿ 45.95, ಸೆಪ್ಟೆಂಬರ್‌ನಲ್ಲಿ 36.76. ಕೂಡಿಸಿ ನೋಡಿ, 123.14. ಅಂದರೆ ವರ್ಷದ ಬಾಕಿಯಲ್ಲಿ ಶೇಕಡಾ 70ರಷ್ಟನ್ನ ಮುಂಗಾರು ಮುಗಿಯೋದರೊಳಗೆ ಕೊಟ್ಟಾಗಿರಬೇಕು. ಮುಂಗಾರು ಪಾಸೋ ಫೇಲೋ ಅಂತ ರಿಸಲ್ಟ್ ಬರೋದು ಸೆಪ್ಟೆಂಬರ್ ಕೊನೆಗೆ. ಆಗಸ್ಟ್‌ನಲ್ಲಿ ಕೊಟ್ಟುಬಿಟ್ಟು ಸೆಪ್ಟೆಂಬರ್‌ನಲ್ಲಿ ಮಳೆ ಬರಲಿಲ್ಲ ಅಂದರೆ ಮೇಲಿನವನು ಸತ್ತ, ಹೋದ ನೀರು ವಾಪಸ್ ಬರೋಲ್ಲ. ಕೊಡದೆ ಕಾದು ಕೂತು ಆಮೇಲೆ ಮಳೆ ಬಂತು ಅಂದರೆ ಕೆಳಗಿನವನು ಸತ್ತ. ಅವನ ಕುರುವೈ ಒಣಗಿಹೋಗಿರುತ್ತೆ, ಅಕ್ಟೋಬರ್‌ನಲ್ಲಿ ಬಂದ ನೀರನ್ನ ಆಗಸ್ಟ್‌ನ ಪೈರಿಗೆ ಹಾಯಿಸೋಕಾಗಲ್ಲ. ಇಬ್ಬರ ಭಯವೂ ನಿಜ.

ಇನ್ನು ಅಳೆಯೋದು ಏನನ್ನ? ನಮ್ಮ ನಾಲ್ಕು ಜಲಾಶಯಗಳಿಗೆ ಬಂದ ಒಳಹರಿವನ್ನ 30 ವರ್ಷದ ಸರಾಸರಿ ಜೊತೆ ಹೋಲಿಸಿ ಕೊರತೆ ಶೇಕಡಾ ಇಷ್ಟು ಅಂತ ತೆಗೀತಾರೆ. 2023ರಲ್ಲಿ ಅದು ಸುಮಾರು ಅರ್ಧದಷ್ಟಿತ್ತು. ಆದರೆ ಕಾವೇರಿ ಅಂದರೆ ಈ ನಾಲ್ಕು ಕಟ್ಟೆ ಮಾತ್ರವಾ? ತಮಿಳುನಾಡಿನ 404.25ರಲ್ಲಿ ನಾವು ಕಳಿಸೋದು 167.25 (177.25ರಲ್ಲಿ 10 ಪರಿಸರದ್ದು). ಉಳಿದ 237 ಬಿಳಿಗುಂಡ್ಲಿನ ಕೆಳಗೆ, ಭವಾನಿ, ಅಮರಾವತಿ, ಅಲ್ಲಿಯ ಮಳೆಯಿಂದ ಸಿಗುವ ನೀರು ಅನ್ನೋದು ಲೆಕ್ಕ. ಅವರ ದೊಡ್ಡ ಮಳೆ ಹಿಂಗಾರು, ಅದು ಅಕ್ಟೋಬರ್‌ನಿಂದ ಡಿಸೆಂಬರ್. "ಅವರಿಗೆ ಇನ್ನೊಂದು ಮಳೆ ಇದೆ, ನಮಗೆ ಇರೋದು ಒಂದೇ" ಅಂತ ನಾವು. "ಬರದೇ ಇರೋ ಮಳೆ ತೋರಿಸಿ ಇವತ್ತಿನ ನೀರು ನಿಲ್ಲಿಸ್ತೀರಾ" ಅಂತ ಅವರು. ಇಬ್ಬರೂ ತಮ್ಮ ಮುಂದೆ ಬರುವ ಮಳೆಯನ್ನ ನಂಬೋದಿಲ್ಲ, ಪಕ್ಕದವರ ಮಳೆಯನ್ನ ಪೂರ್ತಿ ನಂಬ್ತಾರೆ. ಅಂದ ಹಾಗೆ, ನಮ್ಮ ಬೆಂಗಳೂರಿನ ಮೋರಿ ನೀರು ವೃಷಭಾವತಿ, ಅರ್ಕಾವತಿ ಹಾದು ಸಂಗಮದಲ್ಲಿ ಕಾವೇರಿಗೆ ಸೇರಿ ಬಿಳಿಗುಂಡ್ಲಿನ ಮಾಪಕದಲ್ಲಿ "ಕರ್ನಾಟಕ ಕೊಟ್ಟ ನೀರು" ಅಂತ ದಾಖಲಾಗುತ್ತೆ. ಇದನ್ನ ಜೋರಾಗಿ ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ :-(

ಮೂರನೆಯದು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣೋದು. ಎಲ್ಲಾದರಲ್ಲೂ ಅರ್ಧ ಕಡಿತ ಅಂದರೆ ಕುಡಿಯೋ ನೀರಿನಲ್ಲೂ ಅರ್ಧವಾ? ತೆನೆ ಕಟ್ಟಿರೋ ಭತ್ತಕ್ಕೂ, ಇನ್ನೂ ನಾಟಿನೇ ಆಗದ ಗದ್ದೆಗೂ ಒಂದೇ ಕಡಿತವಾ? ಪ್ರಮಾಣ ಅನ್ನೋದು ರಾಜ್ಯಗಳ ಮಧ್ಯೆ ನ್ಯಾಯವಾಗಿ ಕಾಣುತ್ತೆ, ಗದ್ದೆ ಬದುವಿನಲ್ಲಿ ನಿಂತು ನೋಡಿದರೆ ಹಾಗೆ ಕಾಣಲ್ಲ.

ಗದ್ದೆ ಬದುವಿನ ಮಾತು ಬಂತಲ್ಲ, ಸ್ವಲ್ಪ ನಮ್ಮೂರ ಕಡೆ ಬನ್ನಿ. ನಮ್ಮದು ಮದ್ದೂರು ತಾಲ್ಲೂಕು. ವಿ.ಸಿ. ನಾಲೆಯ ಕೊನೆಯ ಭಾಗ. ಮಂಡ್ಯ ಅಂದ ತಕ್ಷಣ ಹೊರಗಿನವರಿಗೆ ಎಲ್ಲಾ ಒಂದೇ ಹಸಿರು ಅನ್ನಿಸುತ್ತೆ. ಹಾಗಿಲ್ಲ. ನಾಲೆ ಹುಟ್ಟೋ ಕಡೆ ಇರೋರಿಗೂ ಮದ್ದೂರು, ಮಳವಳ್ಳಿ ಕಡೆಯ ಕೊನೆಯೋರಿಗೂ ಅಜಗಜಾಂತರ. ನೀರು ಬಿಟ್ಟ ಸುದ್ದಿ ಪೇಪರಿನಲ್ಲಿ ಬಂದ ಎಷ್ಟೋ ದಿನಕ್ಕೆ ನಮ್ಮ ತೂಬಿಗೆ ನೀರು. ಕೆಲವು ಸಲ ಬರೋದೇ ಇಲ್ಲ. ಮೇಲಿನೋರು ಮೋಟಾರು ಇಟ್ಟು ಎತ್ತಿಕೊಳ್ತಾರೆ, ಕಬ್ಬಿಗೆ ಹಾಯಿಸ್ತಾರೆ, ನಮ್ಮೋರು ಇಂಜಿನಿಯರ್ ಆಫೀಸಿನ ಮುಂದೆ ಧರಣಿ ಕೂರ್ತಾರೆ. ಅವರ ಬಾಯಲ್ಲಿ ನಾನು ಚಿಕ್ಕಂದಿನಿಂದ ಕೇಳಿದ ಮಾತುಗಳು: "ಅವ್ರಿಗೆ ಕೈ ಅಳತೇಲಿ ಐತೆ, ನಮ್ ಪಾಲು ಯಾವಾಗ್ ಬುಟ್ಟಾರು?" "ಬಿತ್ತನೆ ಟೈಮ್‌ಗೆ ಬುಡ್ದೆ ಆಮೇಲ್ ಬುಟ್ರೆ ಏನ್ ಮಾಡಣ?" ಇದೇ ಮಾತನ್ನ ತಮಿಳಿಗೆ ತಿರುಗಿಸಿ ತಂಜಾವೂರಿನ ರೈತನ ಬಾಯಿಗೆ ಹಾಕಿ ನೋಡಿ. ಒಂದು ಅಕ್ಷರ ಬದಲಾಯಿಸಬೇಕಾಗಿಲ್ಲ. ನಾಲೆಯ ಒಳಗೆ ನಾವು ತಮಿಳುನಾಡು, ನದಿಯ ಲೆಕ್ಕದಲ್ಲಿ ನಾವೇ ಮೇಲಿನೋರು!

ನೀರು ಕಡಿಮೆ ಇದ್ದಾಗ ನಾಲೆಗೆ ಕಟ್ಟು ಪದ್ಧತಿ ಮಾಡ್ತಾರೆ. ಇಷ್ಟು ದಿನ ಬಿಡೋದು, ಇಷ್ಟು ದಿನ ನಿಲ್ಲಿಸೋದು. ಅದಕ್ಕೆ ಬೈದುಕೊಂಡರೂ ಜನ ಒಪ್ತಾರೆ, ಯಾಕೆ ಅಂದರೆ ತಾರೀಖು ಮೊದಲೇ ಗೊತ್ತಿರುತ್ತೆ. ಕೆರೆಗಳಿಗೆ ನೀರಗಂಟಿ ಇದ್ದ ಕಾಲದಲ್ಲೂ ಅಷ್ಟೇ, ಅವನು ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ಊರಿಗೆಲ್ಲ ಗೊತ್ತಿರುವ ಲೆಕ್ಕದ ಪ್ರಕಾರ ತೂಬು ಎತ್ತುತ್ತಿದ್ದ. ಕಡಿಮೆ ಸಿಗೋದನ್ನ ರೈತ ತಡ್ಕೋತಾನೆ. ಎಷ್ಟು ಕಡಿಮೆ ಅಂತ ಗೊತ್ತಾಗದೇ ಒಟ್ಲು ಹಾಕಿ, ಗೊಬ್ಬರಕ್ಕೆ ಸಾಲ ಮಾಡಿ, ನಾಟಿ ಆದ ಮೇಲೆ "ಈ ಸಲ ನೀರಿಲ್ಲ" ಅಂದರೆ ತಡ್ಕೊಳ್ಳೋದಿಲ್ಲ.

ನಾನು ಹೊಟ್ಟೆಪಾಡಿಗೆ ಮಾಡೋ ಕೆಲಸದಲ್ಲೂ ಇದೇ ಸಮಸ್ಯೆ ಇದೆ. ಸರ್ವರ್ ತಡೆದುಕೊಳ್ಳೋದಕ್ಕಿಂತ ಜಾಸ್ತಿ ರಿಕ್ವೆಸ್ಟ್ ಬಂದಾಗ ಯಾವುದನ್ನ ಬಿಡಬೇಕು, ಯಾವುದನ್ನ ಉಳಿಸಿಕೊಳ್ಳಬೇಕು ಅಂತ ಮೊದಲೇ ಬರೆದಿಟ್ಟಿರ್ತೀವಿ. ದುಡ್ಡು ಕಟ್ಟೋ ಪುಟ ನಿಲ್ಲಬಾರದು, ಫೋಟೋ ನಿಧಾನಕ್ಕೆ ಬಂದರೂ ನಡೆಯುತ್ತೆ. ಇದನ್ನ ಬರೆಯೋದು ಸರ್ವರ್ ಆರಾಮಾಗಿದ್ದಾಗ. ರಾತ್ರಿ ಎರಡು ಗಂಟೆಗೆ ಎಲ್ಲಾ ಕುಸಿದು ಬಿದ್ದಾಗ ಎರಡು ಟೀಮಿನ ಮ್ಯಾನೇಜರುಗಳನ್ನ ಕೂರಿಸಿ "ಯಾರದ್ದು ಮುಖ್ಯ ಹೇಳಿ" ಅಂದರೆ ಏನಾಗುತ್ತೋ, ಆಗಸ್ಟ್‌ನಲ್ಲಿ ಕಾವೇರಿಗೆ ಆಗೋದೂ ಅದೇ. 2016ರ ಸೆಪ್ಟೆಂಬರ್ 5ಕ್ಕೆ ಸುಪ್ರೀಂ ಕೋರ್ಟು ದಿನಕ್ಕೆ 15,000 ಕ್ಯೂಸೆಕ್ ಹತ್ತು ದಿನ ಅಂದಿತು, 12ಕ್ಕೆ ಅದನ್ನ 12,000 ಮಾಡಿತು, ಅದೇ ದಿನ ಬೆಂಗಳೂರು ಹೊತ್ತಿ ಉರೀತು. ನಾನಾಗ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದ್ತಿದ್ದೆ. ಸೇಲಂ ಕಡೆಯ ಒಬ್ಬ ಕ್ಲಾಸ್‌ಮೇಟ್ ಮೂರು ದಿನ ಹಾಸ್ಟೆಲ್ ಬಿಟ್ಟು ಹೊರಗೆ ಬರಲಿಲ್ಲ. ಅವನಪ್ಪನಿಗೆ ಇದ್ದದ್ದು ಒಂದು ಸಣ್ಣ ಮಗ್ಗದ ಶೆಡ್, ಗದ್ದೆಯೇ ಇರಲಿಲ್ಲ. ಕಾವೇರಿ ನೀರಿಗೂ ಅವನಿಗೂ ಏನು ಸಂಬಂಧ, ಹೇಳಿ?

2023ರಲ್ಲೂ ಹಾಗೇ ಆಯ್ತು. ತಮಿಳುನಾಡು ಜೂನ್ 12ಕ್ಕೆ ವಾಡಿಕೆ ತಪ್ಪದೆ ಮೆಟ್ಟೂರು ತೆಗೀತು. ಮುಂಗಾರು ಕೈಕೊಟ್ಟಿತು. ಅವರು 24,000 ಕ್ಯೂಸೆಕ್ ಕೇಳಿದರು, ಪ್ರಾಧಿಕಾರ 5,000 ಅಂದಿತು, ಎರಡೂ ಕಡೆಯವರು ಬೈದರು, ಸುಪ್ರೀಂ ಕೋರ್ಟು ಮಧ್ಯೆ ಬರಲ್ಲ ಅಂದಿತು, ನಾವು ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್ ಮಾಡಿದೆವು. 2018ರಲ್ಲಿ ಪ್ರಾಧಿಕಾರ ಹುಟ್ಟಿ ಐದು ವರ್ಷ ಆಗಿತ್ತು. ಆ ಐದು ವರ್ಷದಲ್ಲಿ ಎಲ್ಲರೂ ಒಪ್ಪಿದ ಒಂದು ಸಂಕಷ್ಟ ಸೂತ್ರ ಬರೆಯೋಕೆ ಆಗಿರಲಿಲ್ಲ. ಮಳೆ ಚೆನ್ನಾಗಿತ್ತಲ್ಲ, ಯಾಕೆ ಬರೀಬೇಕು!

ಬೇರೆ ಕಡೆ ಹೇಗೆ ಅಂತ ನೋಡೋಕೆ ಹೋದರೆ ಎಲ್ಲರೂ ಅಮೆರಿಕದ ಕೊಲೊರಾಡೋ ಹೆಸರು ಹೇಳ್ತಾರೆ. ಅಲ್ಲಿ ಮೀಡ್ ಸರೋವರದ ಮಟ್ಟ 1,075 ಅಡಿಗಿಂತ ಇಳಿಯುತ್ತೆ ಅಂದರೆ ಮರುವರ್ಷ ಯಾವ ರಾಜ್ಯಕ್ಕೆ ಎಷ್ಟು ಕಡಿತ ಅಂತ ಪಟ್ಟಿಯೇ ಇತ್ತು. 2021ರ ಆಗಸ್ಟ್‌ನಲ್ಲಿ ಮೊದಲ ಸಲ ಆ ಪಟ್ಟಿ ಜಾರಿಗೆ ಬಂತು, 2022ಕ್ಕೆ ಅರಿಜೋನಾದ ಪಾಲಿನಲ್ಲಿ ಶೇಕಡಾ 18ರಷ್ಟು ಹೋಯಿತು. ಗೊಣಗಿದರು, ಆದರೆ ಬಸ್ ಸುಡಲಿಲ್ಲ. ಆದರೂ ಅದು ನಮಗೆ ಹೊಂದೋಲ್ಲ. ಅವರ ಕಟ್ಟೆಗಳು ನಾಲ್ಕು ವರ್ಷದ ಹರಿವನ್ನ ಹಿಡಿಯೋವಷ್ಟು ದೊಡ್ಡವು, ನಮ್ಮದು ಆಗಲೇ ಹೇಳಿದೆನಲ್ಲ.

ನನಗೆ ಹಿಡಿಸಿದ್ದು ಆಸ್ಟ್ರೇಲಿಯಾದ ಮರ್ರೆ ನದಿಯ ಪದ್ಧತಿ. ಅಲ್ಲಿ ನೀರಿನ ವರ್ಷ ಜುಲೈ 1ಕ್ಕೆ ಶುರು. ಆ ದಿನ ಕೈಯಲ್ಲಿ ಖಚಿತವಾಗಿ ಇರೋ ನೀರನ್ನ ಮಾತ್ರ ಹಂಚ್ತಾರೆ. ಮೊದಲು ಊರುಗಳ ಕುಡಿಯುವ ನೀರು, ಆಮೇಲೆ ತೋಟ, ದ್ರಾಕ್ಷಿ ಥರದ ವರ್ಷಗಟ್ಟಲೆ ಬೆಳೆಸಿದ ಗಿಡಗಳದ್ದು, ಕೊನೆಗೆ ಭತ್ತದಂಥ ವರ್ಷದ ಬೆಳೆ. ಕೊನೆಯವರಿಗೆ ಮೊದಲ ದಿನ ಶೇಕಡಾ ಸೊನ್ನೆ ಅಂತಲೂ ಬರಬಹುದು. ಮಳೆ ಬಂದ ಹಾಗೆ ಆಗಾಗ ಲೆಕ್ಕ ಮಾಡಿ ಏರಿಸ್ತಾ ಹೋಗ್ತಾರೆ. 2006ರ ನಂತರದ ಬರದಲ್ಲಿ ಅದು ಸೊನ್ನೆಯಲ್ಲೇ ನಿಂತದ್ದೂ ಉಂಟು. ಅಲ್ಲೇನೂ ಸ್ವರ್ಗ ಇಲ್ಲ, 2010ರಲ್ಲಿ ಗ್ರಿಫಿತ್ ಅನ್ನೋ ಊರಿನಲ್ಲಿ ರೈತರು ಸರ್ಕಾರದ ನೀರಿನ ಯೋಜನೆಯ ಪುಸ್ತಕವನ್ನೇ ಗುಡ್ಡೆ ಹಾಕಿ ಸುಟ್ಟರು. ಆದರೆ ಸುಟ್ಟದ್ದು ಪುಸ್ತಕವನ್ನ, ಪಕ್ಕದ ರಾಜ್ಯದವನ ಲಾರಿಯನ್ನಲ್ಲ.

ಕೆಳಗಿನಿಂದ ಮೇಲಕ್ಕೆ ಏರಿಸುವ ಈ ಕ್ರಮ ನಮಗೆ ಬೇಕು. ಈಗ ನಾವು ಮಾಡ್ತಿರೋದು ಉಲ್ಟಾ. ಜೂನ್ 1ಕ್ಕೆ 177.25 ಪೂರ್ತಿ ಸಿಗುತ್ತೆ ಅಂತ ಎಲ್ಲರ ಕಿವಿಗೂ ಹಾಕಿ, ಆಮೇಲೆ ಕಿತ್ತುಕೊಳ್ತಾ ಹೋಗ್ತೀವಿ. ಕಿತ್ತುಕೊಂಡರೆ ಯಾರಿಗೆ ತಾನೇ ಸಿಟ್ಟು ಬರಲ್ಲ? ಅದರ ಬದಲು ಜೂನ್ 1ಕ್ಕೆ ಐದೂ ಕಟ್ಟೆಗಳಲ್ಲಿ ಎಷ್ಟಿದೆ ನೋಡಿ, ಮೆಟ್ಟೂರೂ ಸೇರಿ, ಎರಡೂ ಕಡೆಯ ಕುಡಿಯುವ ನೀರನ್ನ ಎತ್ತಿಟ್ಟು, ಉಳಿದದ್ದರಲ್ಲಿ ಯಾವ ಬೆಳೆಗೆ ನೀರು ಖಾತ್ರಿ ಅಂತ ಹೇಳಲಿ. ಹದಿನೈದು ದಿನಕ್ಕೊಮ್ಮೆ ಒಳಹರಿವು ನೋಡಿ ಏರಿಸಲಿ. ಲೆಕ್ಕದ ಹಾಳೆ ಎಲ್ಲರಿಗೂ ಕಾಣೋ ಹಾಗಿರಲಿ.

ಇದರಲ್ಲಿ ತಮಿಳುನಾಡು ಬಿಟ್ಟುಕೊಡಬೇಕಾದದ್ದು ಇದೆ. ನೀರು ಕಡಿಮೆ ಇದ್ದ ವರ್ಷ ಜೂನ್ 12ರ ಹಠ ಬಿಡಬೇಕು, ಕುರುವೈ ತಗ್ಗಿಸಿ ಸಾಂಬಾ ಬೆಳೆಯನ್ನ ಹಿಂಗಾರಿಗೆ ಹೊಂದಿಸಬೇಕು. ನಾವು ಬಿಟ್ಟುಕೊಡಬೇಕಾದದ್ದೂ ಇದೆ, ಅದನ್ನ ಹೇಳಿದರೆ ನಮ್ಮವರಿಗೆ ಸಿಟ್ಟು ಬರುತ್ತೆ. ಎಂಥ ಕೆಟ್ಟ ವರ್ಷದಲ್ಲೂ ಒಂದಿಷ್ಟು ನೀರು ಕೆಳಗೆ ಹೋಗಲೇಬೇಕು ಅಂತ ಬರವಣಿಗೆಯಲ್ಲಿ ಒಪ್ಪಬೇಕು. "ಒಂದು ಹನಿ ಬಿಡಲ್ಲ" ಅನ್ನೋ ಭಾಷಣಕ್ಕೆ ಬೆಲೆ ಇಲ್ಲ, ಪ್ರತಿ ಸಲ ಹಾಗೆ ಹೇಳಿ ಪ್ರತಿ ಸಲ ಬಿಟ್ಟಿದ್ದೀವಿ.

"ಸೂತ್ರ ಒಪ್ಪಿಕೊಂಡರೆ ನಲ್ಲಿ ಕೈ ತಪ್ಪುತ್ತೆ, ನೀರು ನಮ್ಮ ಹತ್ರ ಇರೋದೇ ನಮ್ಮ ಬಲ" ಅಂತ ಒಬ್ಬ ಗೆಳೆಯ ವಾದ ಮಾಡ್ತಾನೆ. ನಲ್ಲಿ ನಮ್ಮ ಕೈಲಿದೆ ಅನ್ನೋದು ನಿಜ. ಅದಕ್ಕೇ ಕೆಳಗಿನವರಿಗೆ ಉಳಿದಿರೋದು ಕೋರ್ಟು ಒಂದೇ, ಅದಕ್ಕೇ ಪ್ರತಿ ಆಗಸ್ಟ್‌ಗೆ ಅವರು ಅಲ್ಲಿಗೆ ಓಡ್ತಾರೆ. ಅಲ್ಲಿಂದ ಒಂದು ಅಂಕಿ ಬರುತ್ತೆ. ಆ ಅಂಕಿ ಹೇಗೆ ಬಂತು ಅಂತ ಮದ್ದೂರಿನವನಿಗೂ ಗೊತ್ತಿಲ್ಲ, ತಂಜಾವೂರಿನವನಿಗೂ ಗೊತ್ತಿಲ್ಲ. ನಲ್ಲಿ ಯಾವಾಗಲೋ ಕೈ ತಪ್ಪಿದೆ, ನಾವು ಹಿಡಿ ಹಿಡ್ಕೊಂಡು ನಿಂತಿದ್ದೀವಿ ಅಷ್ಟೇ.

ಮೇಕೆದಾಟು ಕಟ್ಟಿದರೆ ಎಲ್ಲಾ ಸರಿಹೋಗುತ್ತೆ ಅನ್ನೋರಿಗೆ ಒಂದು ಮಾತು. 67.16 ಟಿಎಂಸಿಯ ಕಟ್ಟೆ 2022ರಂಥ ವರ್ಷದಲ್ಲಿ ತುಂಬಬಹುದು. 2023ರಂಥ ವರ್ಷದಲ್ಲಿ ತುಂಬೋಕೆ ನೀರೆಲ್ಲಿ? ಕಟ್ಟೆ ಬಂದರೂ ಸೂತ್ರ ಬೇಕು, ಆಗ ಅದರಲ್ಲಿ ಇರೋದು ಯಾರದ್ದು ಅಂತ ಹೊಸ ಜಗಳ ಬೇರೆ.

ಕೊನೆಗೆ ಬೆಂಗಳೂರು. ನಾನೂ ಇಲ್ಲೇ ಬಾಡಿಗೆ ಮನೆಯಲ್ಲಿ ಇರೋದು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾದ ಮೇಲೆ ಊರಿಗೆ ಬರೋ ಕಾವೇರಿ ದಿನಕ್ಕೆ 222.5 ಕೋಟಿ ಲೀಟರ್ ತನಕ. ವರ್ಷಕ್ಕೆ ಸುಮಾರು 28.7 ಟಿಎಂಸಿ. ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತರೋದು. ಕೆಟ್ಟ ವರ್ಷದಲ್ಲಿ ಈ ನೀರಿಗೆ ಮೊದಲ ಜಾಗ ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೆ ಜಾಗ ಬಿಡೋದು ಯಾರು? ನಾಲೆ ಬಯಲಿನ ರೈತ. "ಈ ಸಲ ಭತ್ತ ಹಾಕಬೇಡಿ" ಅನ್ನೋ ಪ್ರಕಟಣೆ ಬರೋದು ಅವನಿಗೆ, ಬೆಂಗಳೂರಿನ ಈಜುಕೊಳಕ್ಕಲ್ಲ.

ಹಾಗಾಗಿ ಒಂದು ಲೆಕ್ಕ. ಸಾವಿರ ಲೀಟರಿಗೆ ಒಂದೇ ಒಂದು ರೂಪಾಯಿ ಹೆಚ್ಚು ಹಾಕಿದರೆ ದಿನಕ್ಕೆ 22 ಲಕ್ಷ ಚಿಲ್ಲರೆ, ವರ್ಷಕ್ಕೆ 81 ಕೋಟಿ. ಬಡವರ ಮನೆಗಳನ್ನ ಬಿಟ್ಟರೆ ಇನ್ನಷ್ಟು ಕಡಿಮೆ ಅಂತಲೇ ಇಟ್ಟುಕೊಳ್ಳಿ. ತುಂಬಿದ ವರ್ಷಗಳಲ್ಲಿ ಕೂಡಿಡೋದು. ನೀರಿಲ್ಲದ ವರ್ಷ ಗದ್ದೆ ಬೀಳು ಬಿಡು ಅಂತ ಹೇಳಿಸಿಕೊಂಡವನಿಗೆ ಎಕರೆಗೆ 20 ಸಾವಿರ ಕೊಟ್ಟರೂ ಒಂದು ವರ್ಷದ ದುಡ್ಡಿನಲ್ಲೇ 40 ಸಾವಿರ ಎಕರೆ ಆಗುತ್ತೆ. ನಾಲ್ಕು ಒಳ್ಳೆ ವರ್ಷ ಸಿಕ್ಕರೆ ಒಂದೂವರೆ ಲಕ್ಷ ಎಕರೆ ದಾಟುತ್ತೆ.

ಕಳೆದ ಸಲ ಊರಿಗೆ ಹೋದಾಗ ಚಿಕ್ಕಪ್ಪನಿಗೆ ಇದನ್ನ ಕ್ಯಾಲ್ಕುಲೇಟರ್ ಹಿಡಿದು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ದುಡ್ಡೆಲ್ಲ ಸರಿ ಕಣ್ ಮಗ, ಒಟ್ಲು ಹಾಕಕ್ ಮುಂಚೆ ಹೇಳ್ತರಾ, ಆಮೇಲಾ?" ಅಂದರು.